ಪೇಢಾ ಮೊದಲು, ಪಗಾರ ಆಮೇಲೆ

ಈ ವರ್ಷ ನಮ್ಮ ಮನೆಗೆ ಒಂದೇ ಮನೆಯಿಂದ ಎರಡು ಸಲ ಪೇಢಾ ಬಂತು. ಮೊದಲನೆಯದು ಬೇಸಿಗೆಯಲ್ಲಿ. ಎರಡನೆಯದು ಮೊನ್ನೆ. ಇವೆರಡರ ನಡುವೆ ಎರಡೂವರೆ ವರ್ಷದ ಹುಡುಗಿಯೊಬ್ಬಳು ತಾಯಿಯನ್ನು ಬಿಟ್ಟು ಬೇರೆ ಊರು ಸೇರುವುದು ಸ್ವಲ್ಪದರಲ್ಲಿ ತಪ್ಪಿತು.

ಕಾರಣ? ಮೊದಲನೇ ಪೇಢಾ.

ಹುಡುಗಿಯ ಹೆಸರು ಸಾನಿಯಾ. ಶಹಾಬಾದಿನ ನಮ್ಮ ಮನೆಯ ಹಿಂಭಾಗದ ಎರಡು ಕೋಣೆಗಳಲ್ಲಿ ಅವಳ ಅಪ್ಪ ಅಮ್ಮ ಬಾಡಿಗೆಗಿದ್ದಾರೆ. ಅಪ್ಪ ಮೌಲಾಲಿ, ವಾಡಿ ಊರಿನ ಕಾರ್ಖಾನೆಯಲ್ಲಿ ಸಿಮೆಂಟ್ ಚೀಲ ತುಂಬುವ ಕೆಲಸಕ್ಕಿದ್ದ, ಗುತ್ತಿಗೆದಾರನ ಕೈಕೆಳಗೆ. ಅಮ್ಮ ರಜಿಯಾ ಭಂಕೂರದ ಫರಸಿ (ನೆಲಕ್ಕೆ ಹಾಸುವ ಕಲ್ಲು) ಪಾಲಿಶ್ ಯುನಿಟ್ ಒಂದರಲ್ಲಿದ್ದಾಳೆ. ಕೊಯ್ದು ಪಾಲಿಶ್ ಆಗಿ ಬಂದ ಫರಸಿಗಳಲ್ಲಿ ಮೂಲೆ ಒಡೆದದ್ದು, ಬಣ್ಣ ಕೂಡದ್ದು, ಅಳತೆ ತಪ್ಪಿದ್ದು ಇವನ್ನು ಬೇರ್ಪಡಿಸಿ ಇಡುವುದು ಅವಳ ಕೆಲಸ. ಸಂಜೆ ಮನೆಗೆ ಬಂದಾಗ ಅವಳ ಹುಬ್ಬಿನ ಮೇಲೆ ಬೂದು ಧೂಳು ಇರುತ್ತದೆ. ಸಾನಿಯಾ ಅದನ್ನು ಬೆರಳಿನಿಂದ ಒರೆಸಿ ತನ್ನ ಹುಬ್ಬಿಗೆ ಹಚ್ಚಿಕೊಳ್ಳುತ್ತಾಳೆ.

ಇಬ್ಬರೂ ದುಡಿಯುವಾಗ ಕೂಸು ಎಲ್ಲಿರುತ್ತದೆ? ಊರಿನಲ್ಲಿ ಸರ್ಕಾರದ ನೆರವಿನಿಂದ ನಡೆಯುವ ಒಂದು ಶಿಶುಪಾಲನಾ ಕೇಂದ್ರವಿದೆ. ಓಣಿಯವರೆಲ್ಲ ಅದನ್ನು ಸುಮ್ಮನೆ ಸಾಲಿ ಎನ್ನುತ್ತಾರೆ. ದುಡಿಯುವ ತಾಯಂದಿರ ಮಕ್ಕಳಿಗೆ ಮಾತ್ರ ಅಲ್ಲಿ ಜಾಗ. ಹಾಲು, ಊಟ, ಮಧ್ಯಾಹ್ನದ ನಿದ್ದೆ ಎಲ್ಲ ಅಲ್ಲೇ. ಶುಲ್ಕ ಉಂಟು. ಆದರೆ ಅದನ್ನು ಯಾರು ಕಟ್ಟಬೇಕು ಎಂಬುದು ತಂದೆ ತಾಯಿಯ ಆದಾಯದ ಮೇಲೆ ನಿಂತಿದೆ. ಆದಾಯ ಒಂದು ಮಿತಿಯ ಕೆಳಗಿದ್ದರೆ ಪೂರ್ತಿ ಸರ್ಕಾರವೇ ಕೊಡುತ್ತದೆ. ಮಿತಿ ದಾಟಿದರೆ ಅರ್ಧ ಮನೆಯವರದು. ಇನ್ನೂ ಮೇಲೆ ಹೋದರೆ ಪೂರ್ತಿ ಮನೆಯವರದು. ಸಾನಿಯಾಳ ಶುಲ್ಕವನ್ನು ಸರ್ಕಾರವೇ ಕೊಡುತ್ತಿತ್ತು.

ಹೀಗಿರುವಾಗ ಮೌಲಾಲಿ ಖಾಯಂ ಆದ.

ನಮ್ಮ ಕಡೆ ಖಾಯಂ ಎಂಬ ಶಬ್ದದ ತೂಕ ನಿಮಗೆ ಗೊತ್ತು. ವಾಡಿ, ಶಹಾಬಾದ್ ಕಡೆ ಹುಡುಗನ ಬಗ್ಗೆ ಬೇರೇನೂ ಕೇಳದೆ ಅದೊಂದನ್ನೇ ಕೇಳಿ ಹೆಣ್ಣು ಕೊಟ್ಟವರಿದ್ದಾರೆ. ಗುತ್ತಿಗೆಯಲ್ಲಿದ್ದವನಿಗೆ ಕಂಪನಿಯ ಹೆಸರಿನಲ್ಲೇ ಆರ್ಡರ್ ಕೈಗೆ ಬಂದರೆ ಓಣಿಗೆ ಪೇಢಾ ಹಂಚುವುದು ಕಡ್ಡಾಯ. (ಬೈಕ್ ಕೊಂಡರೆ ಪೇಢಾ, ರಿಸಲ್ಟ್ ಬಂದರೆ ಪೇಢಾ, ಬೋರಿಗೆ ನೀರು ಬಿದ್ದರೆ ಪೇಢಾ. ನಮ್ಮ ಓಣಿಯಲ್ಲಿ ಒಬ್ಬರು ಕೋರ್ಟಿನಲ್ಲಿ ಕೇಸು ಸೋತರೂ, ಅಂತೂ ಮುಗಿಯಿತಲ್ಲ ಎಂದು ಹಂಚಿದ್ದರು.)

ಆರ್ಡರ್ ಬಂದ ದಿನ ಸಂಜೆಯೇ ರಜಿಯಾ ಡಬ್ಬಿ ಹಿಡಿದು ಬಂದಳು.

‘ಕಾಕಾ, ಬಾಯಿ ತಗೀರಿ. ನಿಮ್ಮ ಬಾಡಿಗಿ ಮಂದಿ ಖಾಯಂ ಆಗ್ಯಾರ.’

‘ಇನ್ನ ಬಾಡಿಗಿ ಹೆಚ್ಚ ಮಾಡ್ಲಿಕ್ಕಿ ಅಡ್ಡಿಯಿಲ್ಲ ಅನ್ನು’ ಎಂದರು ನಮ್ಮ ಮನೆಯವರು.

‘ಕಾಕು, ಒಂದ ಪೇಢಾಕ ಇಷ್ಟ ಬ್ಯಾಡ್ರಿ’ ಎಂದು ರಜಿಯಾ ನಕ್ಕಳು.

ನಾನು ತಿಂದೆ. ಮನೆಯವರು ತಿಂದರು. ಮರುದಿನ ಬೆಳಿಗ್ಗೆ ಸಾನಿಯಾಳನ್ನು ಬಿಡಲು ಹೋದಾಗ ಡಬ್ಬಿಯಲ್ಲಿ ಉಳಿದದ್ದನ್ನು ರಜಿಯಾ ಕೇಂದ್ರಕ್ಕೂ ಒಯ್ದಳು. ಅಲ್ಲಿನ ಶಿಕ್ಷಕಿ ಸುಜಾತಾ ಒಳ್ಳೆಯ ಹೆಣ್ಣುಮಗಳು. ಮಕ್ಕಳು ಅವರ ಸೆರಗು ಹಿಡಿದೇ ಓಡಾಡುತ್ತವೆ. ಅವರೂ ಪೇಢಾ ತಿಂದು ಏನು ಖುಷಿ ಸುದ್ದಿ ಎಂದು ಕೇಳಿದರು. ರಜಿಯಾ ಹೇಳಿದಳು. ಸುಜಾತಾ ಹೇಳಿದರಂತೆ:

‘ರಜಿಯಾ, ಹಿಂಗ ಹೇಳ್ಲಿಕ್ಕಿ ನನಗೂ ಕಷ್ಟ ಆಗ್ತದ. ಪೇಢಾ ಇನ್ನೂ ಬಾಯಾಗ ಅದ. ಆದ್ರ ಆದಾಯ ಬದಲಾದ್ರ ಆಫೀಸಿಗಿ ತಿಳಿಸಬೇಕಂತ ರೂಲ್ ಅದ. ನನಗ ಗೊತ್ತಾದ ಮ್ಯಾಲ ನಾ ಗೊತ್ತಿಲ್ಲ ಅನ್ಲಿಕ್ಕಿ ಆಗಂಗಿಲ್ಲ. ಈ ತಿಂಗಳದಾಗ ಹೊಸಾ ಆದಾಯ ಪ್ರಮಾಣಪತ್ರ ತೊಗೊಂಡು ಬಾರವ್ವ.’

ಖಾಯಂ ಆದವನ ಪಗಾರ, ರಜಿಯಾಳ ಕೂಲಿ. ಎರಡೂ ಸೇರಿದರೆ ಮೊದಲ ಮಿತಿಯಷ್ಟೇ ಅಲ್ಲ, ಎರಡನೆಯದನ್ನೂ ದಾಟಬಹುದು ಎಂದು ಕೇಂದ್ರದಲ್ಲಿದ್ದ ಉಳಿದ ತಾಯಂದಿರೇ ಅಂದಾಜು ಮಾಡಿದರು. ಅಂದರೆ ಪೂರ್ತಿ ಶುಲ್ಕ. ಅದು ಹೆಚ್ಚುಕಡಿಮೆ ರಜಿಯಾಳ ಅರ್ಧ ಪಗಾರ.

ಅಂದು ಸಂಜೆ ರಜಿಯಾ ನಮ್ಮ ಕಟ್ಟೆಯ ಮೇಲೆ ಕುಳಿತಳು. ನಗು ಇರಲಿಲ್ಲ.

‘ಕಾಕಾ, ನೀವು ಪೇಪರಿನವರು. ಒಂದ ಹೇಳ್ರಿ. ಫೀ ಕಟ್ಟಿ, ಭಂಕೂರಕ ಆಟೋ ಖರ್ಚು ತಗದು, ನನಗ ಉಳಿಯೋದೇನು? ಅದರಕಿಂತ ಕೆಲಸ ಬಿಟ್ಟು ಮನ್ಯಾಗ ಕುಂತ್ರ?’

‘ಕೆಲಸ ಬಿಟ್ಟರೆ ಆದಾಯ ಇಳಿಯುತ್ತದೆ. ಇಳಿದರೆ ಸರ್ಕಾರವೇ ಮತ್ತೆ ಶುಲ್ಕ ಕೊಡುತ್ತದಲ್ಲ’ ಎಂದೆ.

‘ಕೆಲಸ ಬಿಟ್ಟ ಮ್ಯಾಲ ಕೂಸಿನ ಸಾಲಿಗಿ ಹಾಕೋದ್ಯಾಕ್ರಿ? ಅದು ದುಡಿಯೋರ ಮಕ್ಕಳಿಗಿ ಅದ.’

ಹೌದಲ್ಲ. ಆದಾಯ ಹೆಚ್ಚೆಂದು ನೆರವು ಹೋಗುತ್ತದೆ. ನೆರವು ಹೋಯಿತೆಂದು ಕೆಲಸ ಬಿಟ್ಟರೆ ಆದಾಯ ಇಳಿದು ನೆರವಿಗೆ ಅರ್ಹತೆ ಬರುತ್ತದೆ. ಆದರೆ ಕೆಲಸ ಬಿಟ್ಟ ಕಾರಣಕ್ಕೇ ಆ ಅರ್ಹತೆ ಉಪಯೋಗಕ್ಕೆ ಬರುವುದಿಲ್ಲ. ಇಷ್ಟು ವರ್ಷ ವರದಿಗಾರಿಕೆ ಮಾಡಿದ್ದೇನೆ, ಇಂಥ ದುಂಡನೆಯ ನಿಯಮ ಕಂಡಿರಲಿಲ್ಲ. ನನಗೆ ಕುತೂಹಲ ಹುಟ್ಟಿದ್ದು ಇಲ್ಲೇ.

ಉಳಿದದ್ದು ಮೂರನೇ ದಾರಿ. ಸಾನಿಯಾಳನ್ನು ಚಂದಾಪುರಕ್ಕೆ, ರಜಿಯಾಳ ತಾಯಿಯ ಹತ್ತಿರ ಕಳಿಸುವುದು. ಆ ತಾಯಿಗೆ ಚಂದಾಪುರದ ಮಾರ್ಕೆಟ್ಟಿನಲ್ಲಿ ಸಣ್ಣ ಬಳೆ ಅಂಗಡಿಯಿದೆ. ರಜಿಯಾ ನಮ್ಮ ಎದುರಿಗೇ ಫೋನ್ ಹಚ್ಚಿದಳು. ಸ್ಪೀಕರ್ ಆನ್ ಇತ್ತು.

‘ಕಳಸು, ನಾ ಬ್ಯಾಡ ಅನ್ನಂಗಿಲ್ಲ’ ಎಂದರು ಆ ತಾಯಿ. ‘ಆದ್ರ ಅಂಗಡ್ಯಾಗ ಕುಂತ್ರ ಬಳಿ ಒಡೀತಾಳ. ಮನ್ಯಾಗ ಕುಂತ್ರ ನನ್ನ ಅಂಗಡಿ ಮುಚ್ಚಬೇಕು. ನಿನ್ನ ಗಂಡನ ಆದಾಯ ಏರೇದಂತ ನನ್ನ ಆದಾಯ ಇಳಸ್ತಿಯೇನು? ಅದನ್ನ ಯಾವ ಸರ್ಕಾರ ಬರಕೊಂತದ?’

ಮತ್ತೆ ಅವರೇ ಹೇಳಿದರು: ‘ಕಳಸು, ಕಳಸು. ಕೂಸು ಬಂದ್ರ ನನಗೂ ಜೀವ ಹತ್ತತದ. ಆದ್ರ ರಾತ್ರಿ ಅಮ್ಮಿ ಅಂತ ಅತ್ರ ನಾ ಏನ್ ಹೇಳಲಿ?’

ರಜಿಯಾ ಫೋನ್ ಇಟ್ಟಳು. ಸಾನಿಯಾ ನಮ್ಮ ಮೆಟ್ಟಿಲಿನ ಫರಸಿಯ ಮೇಲೆ ಕುಳಿತು ಖಾಲಿ ಪೇಢಾ ಡಬ್ಬಿಗೆ ಉಸುಕು ತುಂಬುತ್ತಿದ್ದಳು.

ನನ್ನ ಕಸುಬಿನಲ್ಲಿ ಒಂದು ಶಿಸ್ತು ಉಂಟು. ಒಂದೇ ಊರಿನ ಮಾತು ಕೇಳಿ ಬರೆಯಬಾರದು. ಹಾಗಾಗಿ ಸೇಡಂನಲ್ಲಿರುವ ಹಳೆಯ ಸಹೋದ್ಯೋಗಿಗೆ ಫೋನ್ ಮಾಡಿದೆ. ನಿಮ್ಮ ಕಡೆ ಇಂಥ ಪ್ರಕರಣ ಇದೆಯೇ?

‘ಅದ. ಆದ್ರ ಉಲ್ಟಾ ಅದ’ ಎಂದ ಅವನು.

ಅವನ ಪಕ್ಕದ ಮನೆಯಲ್ಲಿ ಟೈಲರಿಂಗ್ ಮಾಡುವ ಒಬ್ಬ ಹೆಣ್ಣುಮಗಳು. ಗಂಡನದು ಲಾರಿ ಡ್ರೈವರ್ ಕೆಲಸ. ಆದಾಯ ಮಿತಿಗಿಂತ ಮೇಲಿದ್ದ ಕಾರಣ ಅವರು ಮಗುವಿನ ಶುಲ್ಕದ ಅರ್ಧ ಕಟ್ಟುತ್ತಿದ್ದರು. ಗಂಡನ ಕಾಲು ಮುರಿಯಿತು, ಲಾರಿ ಬಿಟ್ಟ. ಆದಾಯ ಇಳಿಯಿತು. ಆದರೂ ಅವರು ತಿಂಗಳು ತಿಂಗಳು ಅರ್ಧ ಶುಲ್ಕ ಕಟ್ಟುತ್ತಲೇ ಹೋದರು.

‘ಯಾಕೆ? ತಿಳಿಸಿದರೆ ಕಡಿಮೆ ಮಾಡುತ್ತಿದ್ದರಲ್ಲ?’

‘ಯಾರಿಗಿ ತಿಳಸ್ಬೇಕು? ನಮ್ಮ ಪಗಾರ ನಿಂತದಂತ ಮನಿ ಮನಿಗಿ ಹೋಗಿ ಹೇಳತಾರೇನು? ಸಾಲಿ ಟೀಚರ್ ಕೇಳಿದ್ರ, ಎಲ್ಲಾ ಆರಾಮ ಅದ್ರಿ ಅಂತ ಹೇಳ್ಯಾಳ.’

ಇದು ನನ್ನನ್ನು ಹಿಡಿದು ನಿಲ್ಲಿಸಿತು. ಆದಾಯ ಏರಿದರೆ ನಾವು ಪೇಢಾ ಹಂಚುತ್ತೇವೆ. ಇಳಿದರೆ ಏನು ಹಂಚುತ್ತೇವೆ? ಏನೂ ಇಲ್ಲ. ಏರಿದ ಸುದ್ದಿಗೆ ಕಾಲಿದೆ, ಒಂದೇ ರಾತ್ರಿಯಲ್ಲಿ ಓಣಿ ದಾಟಿ ಕೇಂದ್ರ ಮುಟ್ಟುತ್ತದೆ. ಇಳಿದ ಸುದ್ದಿಯನ್ನು ಮನೆಯವರೇ ಒಳಕೋಣೆಯಲ್ಲಿ ಕೂಡಿಹಾಕುತ್ತಾರೆ. ನಿಯಮ ಮಾತ್ರ ಎರಡನ್ನೂ ಒಂದೇ ಎಂದು ತಿಳಿದಿದೆ: ‘ಆದಾಯದಲ್ಲಿ ಬದಲಾವಣೆಯಾದರೆ ತಿಳಿಸತಕ್ಕದ್ದು.’ ನಾಚಿಕೆ ಎಂಬುದೊಂದಿದೆ ಎಂದು ನಿಯಮ ಬರೆದವರಿಗೆ ಯಾರಾದರೂ ಹೇಳಿದ್ದರೇ?

ಮುಂದಿನ ವಾರ ನಾವು ಮೂವರು ಚಿತ್ತಾಪುರದ ಬಸ್ ಹತ್ತಿದೆವು. ಮೌಲಾಲಿ, ರಜಿಯಾ, ನಾನು. ಕೇಂದ್ರದ ಮೇಲ್ವಿಚಾರಣೆ ನೋಡುವ ಅಧಿಕಾರಿ ವಾರಕ್ಕೊಮ್ಮೆ ಅಲ್ಲಿ ಸಿಗುತ್ತಾರೆ ಎಂದು ಸುಜಾತಾ ಹೇಳಿದ್ದರು. ಪ್ರಮಾಣಪತ್ರ ಮಾಡಿಸುವ ಮೊದಲು ಒಮ್ಮೆ ಕೇಳಿಬಿಡೋಣ ಎಂದು ನಾನೇ ಒತ್ತಾಯಿಸಿದ್ದೆ. (ಕೇಳುವುದಕ್ಕೆ ಶುಲ್ಕವಿಲ್ಲ, ಇನ್ನೂ.)

ದಾರಿಯುದ್ದಕ್ಕೂ ಮೌಲಾಲಿ ಕಿಟಕಿಯಿಂದ ಹೊರಗೆ ನೋಡುತ್ತ ಕುಳಿತಿದ್ದ. ವಾಡಿ ಬಂದಾಗ ಮಾತ್ರ ಒಳಗೆ ತಿರುಗಿದ. ಖಾಯಂ ಆದವನು ತನ್ನ ಕಾರ್ಖಾನೆಯ ಊರನ್ನು ಹೀಗೆ ದಾಟುತ್ತಾನೆಯೇ? ಆಗಲೇ ಕೇಳಬೇಕಿತ್ತು. ಕೇಳಲಿಲ್ಲ.

ಅಧಿಕಾರಿ ಐವತ್ತರ ಆಸುಪಾಸಿನವರು. ಎದುರಿಗೆ ಜನ ನಿಂತಿದ್ದರೂ ಗದರಿಸದೆ ಮಾತಾಡುವವರು.

‘ಕುಂದ್ರಿ. ಏನಾಗ್ಯಾದ?’

ರಜಿಯಾ ಹೇಳಿದಳು. ಅವರು ಪೂರ್ತಿ ಕೇಳಿಸಿಕೊಂಡು ಮೌಲಾಲಿಯ ಕಡೆ ತಿರುಗಿದರು.

‘ಹೊಸಾ ಪಗಾರ ಎಷ್ಟು ಬಂತು?’

ಮೌಲಾಲಿ ಜೇಬಿನಿಂದ ಆರ್ಡರ್ ತೆಗೆದು ಮತ್ತೆ ಮಡಚಿದ.

‘ಎಷ್ಟು ಬಂತಪ?’

‘ಇನ್ನೂ ಬಂದಿಲ್ರಿ ಸರ.’

‘ಬರೋದು ಎಷ್ಟು?’

ಮೌಲಾಲಿ ಹೆಂಡತಿಯ ಕಡೆ ಒಮ್ಮೆ ನೋಡಿ ನೆಲ ನೋಡಿದ. ಆಮೇಲೆ ನಿಧಾನಕ್ಕೆ ಎಲ್ಲ ಹೊರಗೆ ಬಂತು. ಆರ್ಡರ್ ಖಾಯಂನದೇ, ಖರೆ. ಆದರೆ ಮೊದಲ ಕೆಲವು ತಿಂಗಳು ಟ್ರೈನಿಂಗ್. ಟ್ರೈನಿಂಗ್ ಮುಗಿಯುವ ತನಕ ಗೊತ್ತುಪಡಿಸಿದಷ್ಟೇ ಹಣ, ಡಬಲ್ ಡ್ಯೂಟಿ ಇಲ್ಲ. ಗುತ್ತಿಗೆಯಲ್ಲಿದ್ದಾಗ ಅವನು ದುಡಿಯುತ್ತಿದ್ದುದೇ ಡಬಲ್ ಡ್ಯೂಟಿಯಿಂದ. ಲೆಕ್ಕ ಹಾಕಿದರೆ ಈಗ ಕೈಗೆ ಬರುವುದು ಮೊದಲಿಗಿಂತ ಕಡಿಮೆ.

‘ಮನ್ಯಾಗ ಯಾಕ ಹೇಳಿಲ್ಲ?’ ಎಂದು ಕೇಳಿದ್ದು ಅಧಿಕಾರಿಯೇ.

‘ಹ್ಯಾಂಗ ಹೇಳಲಿರಿ? ಆರ್ಡರ್ ಓದಿ ಅರ್ಥ ಮಾಡ್ಕೊಳ್ಳೋದ್ರಾಗ ಈಕಿ ಪೇಢಾ ಹಂಚಿ ಬಂದಿದ್ಳು. ಓಣಿ ಮಂದಿ ಎಲ್ಲಾ ತಿಂದಾರ. ತಿಂದ ಮ್ಯಾಲ ಪಗಾರ ಕಮ್ಮಿ ಆಗ್ಯಾದ ಅಂತ ಹ್ಯಾಂಗ ಹೇಳಲಿ?’

ರಜಿಯಾ ಅವನನ್ನೇ ದಿಟ್ಟಿಸಿದಳು. ಸಿಟ್ಟು ಬರುತ್ತದೆ ಎಂದುಕೊಂಡೆ. ಬಂತು, ಆದರೆ ಸಣ್ಣ ದನಿಯಲ್ಲಿ.

‘ಕೂಸಿನ ಅಂಗಿ ಗಂಟ ಕಟ್ಟಿಟ್ಟೀನಿ ನಾನು. ಚಂದಾಪುರಕ ಕಳಸ್ಲಿಕ್ಕಿ. ನಿನಗ ಓಣಿ ಮಂದಿ ಚಿಂತಿ ಹತ್ತೇದ.’



ಸುದ್ದಿಮನೆಯಲ್ಲಿ ಹೊಸಬರಿಗೆ ಮೊದಲು ಕಲಿಸುವ ಪಾಠ ಯಾವುದು? ಮೂಲ ಯಾವುದು ಎಂದು ಕೇಳು. ಇಲ್ಲಿ ಮೂಲ ಪೇಢಾ. ಓಣಿ ಅದನ್ನು ತಿಂದು ಪಗಾರ ಏರಿತು ಎಂದಿತು. ಶಿಕ್ಷಕಿ ಅದನ್ನು ತಿಂದು ಆದಾಯ ಬದಲಾಯಿತು ಎಂದರು. ಹೆಂಡತಿ ಅದನ್ನು ಹಂಚಿ ಮಗಳ ಬಟ್ಟೆ ಕಟ್ಟಿದಳು. ಕಟ್ಟೆಯ ಮೇಲೆ ಕುಳಿತು ನಿಯಮದ ಸುತ್ತು ಬಿಡಿಸುತ್ತಿದ್ದ ನಾನೂ ಸೇರಿ, ‘ಎಷ್ಟು ಬಂತು’ ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ. ಬಾಯಿ ತುಂಬಿತ್ತು.

ಅಧಿಕಾರಿ ನಿಯಮವನ್ನು ಬಿಡಿಸಿ ಹೇಳಿದರು. ಲೆಕ್ಕಕ್ಕೆ ಬರುವುದು ಬಂದ ಆದಾಯ, ಬರಲಿರುವ ಆದಾಯವಲ್ಲ. ಟ್ರೈನಿಂಗ್ ಮುಗಿದು ಪೂರ್ತಿ ಪಗಾರ ಶುರುವಾದಾಗ ತಿಳಿಸಿದರೆ ಸಾಕು. ಅಲ್ಲಿಯ ತನಕ ಸಾನಿಯಾ ಇದ್ದಂತೆಯೇ ಇರಲಿ.

‘ಪೂರ್ತಿ ಪಗಾರ ಬಂದ ಮ್ಯಾಲ?’ ರಜಿಯಾ ಕೇಳಿದಳು.

‘ನೀವು ಹೇಳೋದು ನೋಡಿದ್ರ ಮೊದಲನೇ ಮಿತಿ ದಾಟ್ತದ. ಅರ್ಧ ಫೀ ಕಟ್ಟಬೇಕಾಗ್ತದ. ಎರಡನೇದು ದಾಟಂಗಿಲ್ಲ.’

ಅವರ ಮೇಜಿನಿಂದ ಏಳುವ ಮೊದಲು ನನ್ನ ಸುತ್ತು ನಿಯಮದ ಪ್ರಶ್ನೆಯನ್ನೂ ಇಟ್ಟೆ. ಕೆಲಸ ಬಿಟ್ಟರೆ ಅರ್ಹತೆ, ಅರ್ಹತೆ ಬಂದರೆ ಉಪಯೋಗವಿಲ್ಲ, ಇದು ಹೇಗೆ? ಅವರು ಕನ್ನಡಕ ತೆಗೆದು ಒರೆಸಿದರು.

‘ಸರ, ರೂಲ್ ಮಾಡುವಾಗ ಯಾರೂ ಕೆಲಸ ಬಿಟ್ಟು ಬರ್ಲಿ ಅಂತ ಮಾಡಿಲ್ಲ. ಆದ್ರ ಬಿಡೋರು ಇದ್ದಾರ. ನನಗ ಗೊತ್ತದ.’

ವಾಪಸು ಬಸ್ಸಿನಲ್ಲಿ ರಜಿಯಾ ನನ್ನ ಪಕ್ಕಕ್ಕೆ ಬಂದು ಕುಳಿತಳು. ಗಂಡ ಹಿಂದಿನ ಸೀಟಿನಲ್ಲಿ. (ಶಿಕ್ಷೆ, ಶಹಾಬಾದ್ ಬರುವವರೆಗೆ.)

‘ಕಾಕಾ, ನಾನೂ ಒಂದ ಮಾತು ಮುಚ್ಚಿಟ್ಟೀನ್ರಿ.’

ಭಂಕೂರದ ಯುನಿಟ್ ಮಾಲೀಕರು ಅವಳನ್ನು ಸೂಪರ್‌ವೈಸರ್ ಮಾಡುತ್ತೇನೆಂದು ಒಂದು ತಿಂಗಳಿನಿಂದ ಹೇಳುತ್ತಿದ್ದರಂತೆ. ಲಾರಿಗೆ ತುಂಬುವ ಮೊದಲು ಮಾಲು ಪಾಸು ಮಾಡುವ ಕೆಲಸ. ಪಗಾರ ಹೆಚ್ಚು. ಸಾನಿಯಾಳ ಗೊಂದಲ ಶುರುವಾದ ಮೇಲೆ ಇವಳು ಆಮೇಲೆ ಹೇಳುತ್ತೇನೆ ಎಂದು ಮುಂದೂಡುತ್ತ ಬಂದಿದ್ದಳು.

‘ಈಗ ಹೇಳ್ರಿ. ನಮ್ಮವರ ಪಗಾರಕ್ಕಿ ಅರ್ಧ ಫೀ. ನಾ ಹ್ಞೂಂ ಅಂದ್ರ ಎರಡನೇದೂ ದಾಟಿ ಪೂರ್ತಿ ಫೀ. ನನ್ನ ಹೆಚ್ಚಿನ ರೊಕ್ಕ ಎಲ್ಲಾ ಅಲ್ಲೇ ಹೋಗ್ತದ. ಮ್ಯಾಲಿಂದ ಜವಾಬ್ದಾರಿ, ಮಾಲೀಕರ ಬೈಗುಳ. ಎದಕ್ಕ?’

ನನಗೆ ನಮ್ಮ ಊರಿನ ಮೆಟ್ಟಿಲುಗಳು ನೆನಪಾದವು. ಶಹಾಬಾದಿನಲ್ಲಿ ಮೆಟ್ಟಿಲು ಹಾಕುವ ಗೌಂಡಿ ಮನೆಯಲ್ಲಿ ಮುದುಕರು, ಮಕ್ಕಳು ಇದ್ದಾರೆಯೇ ಎಂದು ಮೊದಲು ಕೇಳುತ್ತಾನೆ. ಇದ್ದರೆ ಎತ್ತರ ತಗ್ಗಿಸಿ ಒಂದೆರಡು ಫರಸಿ ಹೆಚ್ಚು ಹಾಕುತ್ತಾನೆ. ಹತ್ತುವುದು ಅಷ್ಟೇ ಎತ್ತರ, ಮೊಣಕಾಲಿಗೆ ಮಾತ್ರ ಹಗುರ. ಈ ಶುಲ್ಕದ ಮನೆಗೆ ಇರುವುದು ಎರಡೇ ಮೆಟ್ಟಿಲು. ಪಗಾರ ಒಂದು ಗೇಣು ಏರಿದರೆ ಶುಲ್ಕ ಒಂದು ಮೊಳ ಏರುತ್ತದೆ. ನಡುವೆ ಇನ್ನೊಂದಿಷ್ಟು ಸಣ್ಣ ಮೆಟ್ಟಿಲು ಹಾಕಿದರೆ ಸರ್ಕಾರದ ಫರಸಿ ತೀರಿಹೋಗುತ್ತದೆಯೇ?

ಈ ಹೋಲಿಕೆಯನ್ನು ರಜಿಯಾಳಿಗೆ ಹೇಳಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಹೋಲಿಕೆಯಲ್ಲ.

ಮನೆಗೆ ಬಂದು ನಮ್ಮ ಮನೆಯವರ ಮುಂದೆ ವಿಷಯ ಬಿಚ್ಚಿದೆ. ಅವರು ಜೋಳದ ಹಿಟ್ಟು ನಾದುತ್ತಿದ್ದರು. ರಜಿಯಾಳನ್ನು ಕರೆದು ಒಂದೇ ಮಾತು ಕೇಳಿದರು.

‘ಸಾನಿಯಾ ಆ ಸಾಲಿಗಿ ಇನ್ನ ಎಷ್ಟ ದಿನ ಹೋಗ್ತಾಳ?’

‘ದೊಡ್ಡ ಸಾಲಿಗಿ ಹಾಕೋ ತನಕ್ರಿ ಕಾಕು.’

‘ಭಂಕೂರಕ ನೀನು ಎಷ್ಟ ವರ್ಷ ಹೋಗ್ತಿ?’

ರಜಿಯಾ ಹಿಂದಿನ ಕೋಣೆಗೆ ಹೋಗಿ ಚಂದಾಪುರಕ್ಕೆಂದು ಕಟ್ಟಿದ್ದ ಬಟ್ಟೆಗಂಟು ಬಿಚ್ಚಿದಳು ಎಂದು ಸಾನಿಯಾಳಿಂದ ನಮಗೆ ತಿಳಿಯಿತು. ಅವಳು ತನ್ನ ಹಬ್ಬದ ಅಂಗಿಯನ್ನು ತಲೆಗೆ ಸುತ್ತಿಕೊಂಡು ಅಂಗಳಕ್ಕೆ ಓಡಿ ಬಂದಿದ್ದಳು.

ಮಳೆಗಾಲ ಕಳೆಯಿತು. ಮೌಲಾಲಿಯ ಟ್ರೈನಿಂಗ್ ಮುಗಿಯಿತು. ರಜಿಯಾ ಈಗ ಭಂಕೂರದಲ್ಲಿ ಸೂಪರ್‌ವೈಸರ್. ಮೂಲೆ ಒಡೆದ ಫರಸಿ ಪಾಸು ಮಾಡುವುದಿಲ್ಲ ಎಂದು ಲಾರಿಯವರು ಗೊಣಗುತ್ತಾರೆ ಎಂದು ಕೇಳಿದ್ದೇನೆ.

ಮೊನ್ನೆ ಸಂಜೆ ಎರಡನೇ ಡಬ್ಬಿ ಬಂತು. ಹುಬ್ಬಿನ ಮೇಲಿನ ಧೂಳು ಹಾಗೇ ಇತ್ತು.

‘ಸೂಪರ್‌ವೈಸರ್ ಆದ ಮ್ಯಾಲ ಮೊದಲ ಪಗಾರ ಬಂತ್ರಿ. ಟೀಚರಮ್ಮಗ ಹೇಳಿ ಬಂದೆ. ಫೀ ಕಟ್ಟಿದೆ. ಆಮ್ಯಾಲ ಪೇಢಾ ತಂದೆ. ಈ ಸಲ ಸಿಲಸಿಲಾ ಬರೋಬರಿ ಅದ, ಒಂದಾದ ಮ್ಯಾಲ ಒಂದು.’

ನಾನೊಂದು ತೆಗೆದುಕೊಂಡು ಬಾಯಿಗೆ ಹಾಕಿಕೊಂಡೆ. ಆಮೇಲೆ ಪಾಠ ನೆನಪಾಗಿ, ತಡವಾದರೂ, ಕೇಳಿದೆ.

‘ಪೂರ್ತಿ ಶುಲ್ಕ ಕಟ್ಟಿದ ಮೇಲೆ, ನಿನ್ನ ಹೆಚ್ಚಿನ ಪಗಾರದಲ್ಲಿ ಎಷ್ಟು ಉಳಿಯಿತು?’

ರಜಿಯಾ ಡಬ್ಬಿಯನ್ನು ನನ್ನ ಮುಂದೆ ಇನ್ನೊಮ್ಮೆ ಚಾಚಿದಳು.

‘ಇದ ನೋಡ್ರಿ ಕಾಕಾ. ಉಳಿದದ್ದು ಇಷ್ಟ.’

ಈಗ ನೀವೇ ಹೇಳಿ, ನಾನು ಇನ್ನೊಂದು ಪೇಢಾ ತೆಗೆದುಕೊಳ್ಳಬೇಕಿತ್ತೇ?